40 ಡಿಗ್ರಿ 20ರ ದುಪ್ಪಟ್ಟಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಯಾವುದೋ ಮರುಭೂಮಿಯ ಸುದ್ದಿ ಬಂದಿತ್ತು. ಬೆಳಗಿನ ಜಾವ 20 ಡಿಗ್ರಿ ಇದ್ದದ್ದು ಮಧ್ಯಾಹ್ನ 40 ಡಿಗ್ರಿ ಆಯಿತಂತೆ. ಮೇಲೆ ದಪ್ಪ ಅಕ್ಷರದಲ್ಲಿ ‘ಬಿಸಿ ದುಪ್ಪಟ್ಟು’ ಎಂದು ಹಾಕಿದ್ದಿರಿ. ಅದೇ ಪುಟದ ಕೆಳಗೆ ಭೂಮಿ ಬಿಸಿಯಾಗುವ ಬಗ್ಗೆ ಇನ್ನೊಂದು ಸುದ್ದಿ. ಅದರಲ್ಲಿ ‘2 ಡಿಗ್ರಿ ಸೆಲ್ಸಿಯಸ್, ಅಂದರೆ 35.6 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ’ ಎಂದಿತ್ತು. ಎರಡೂ ತಪ್ಪು. ಒಂದೇ ಪುಟದಲ್ಲಿ ಎರಡು ಅಂದಮೇಲೆ ಸುಮ್ನಿರಲು ಆಗಲಿಲ್ಲ.

ನಾನು ವಿಜ್ಞಾನಿ ಅಲ್ಲ. 31 ವರ್ಷ ಬಾಯ್ಲರ್ ಆಪರೇಟರ್ ಆಗಿದ್ದೆ. ಬರವಣಿಗೆ ಅಂದರೆ ನನಗೆ ಲಾಗ್‌ಬುಕ್ ಅಷ್ಟೇ. ಗಂಟೆಗೊಮ್ಮೆ ಒತ್ತಡ, ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ, ಚಿಮಣಿಗೆ ಹೋಗುವ ಹೊಗೆಯ ತಾಪಮಾನ. ತಪ್ಪು ಅಂಕಿ ಬರೆದರೆ ಮುಂದಿನ ಪಾಳಿಯವನು ಬಂದು ಬೈಯುತ್ತಿದ್ದ. ಆ ಅಭ್ಯಾಸ ಇನ್ನೂ ಹೋಗಿಲ್ಲ ಅಂದುಕೊಳ್ಳಿ.

ಆ ತಲೆಬರಹ ಮೊದಲು ಕಂಡದ್ದು ನನ್ನ ಮೊಮ್ಮಗಳಿಗೆ. ಏಳನೇ ತರಗತಿ. ‘ತಾತ, 20ರ ಎರಡರಷ್ಟು 40 ತಾನೇ, ಸರಿಯಾಗೇ ಇದೆಯಲ್ಲ’ ಅಂದಳು. ಹಾಗಾದರೆ ಅದೇ ಎರಡು ಅಂಕಿಗಳನ್ನು ಫ್ಯಾರನ್‌ಹೀಟ್‌ಗೆ ಬದಲಾಯಿಸು ಅಂದೆ. 68 ಮತ್ತು 104 ಬಂತು. ‘ಈಗ ದುಪ್ಪಟ್ಟಾ?’ ಅಂದೆ. ಪೆನ್ಸಿಲ್ ಕಚ್ಚಿಕೊಂಡು ಕೂತಳು. ಹವೆ ಅದೇ, ದಿನ ಅದೇ, ಅಳತೆಗೋಲು ಬದಲಾದ ಕೂಡಲೇ ದುಪ್ಪಟ್ಟು ಮಾಯ.

ಯಾಕೆ ಹೀಗೆ ಅಂದರೆ, ಸೆಲ್ಸಿಯಸ್‌ನ ಸೊನ್ನೆ ನಾವು ನಮ್ಮ ಅನುಕೂಲಕ್ಕೆ ಇಟ್ಟುಕೊಂಡ ಗುರುತು. ನೀರು ಹೆಪ್ಪುಗಟ್ಟುವ ಜಾಗ, ಅಷ್ಟೇ. ಅಲ್ಲಿ ಬಿಸಿ ಮುಗಿದುಹೋಗುವುದಿಲ್ಲ. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಈ ಅಳತೆ ಮಾಡಿದಾಗ ನೀರು ಕುದಿಯುವ ಜಾಗಕ್ಕೆ 0, ಹೆಪ್ಪುಗಟ್ಟುವ ಜಾಗಕ್ಕೆ 100 ಎಂದು ಇಟ್ಟಿದ್ದ! ಅವನು ತೀರಿಕೊಂಡ ಮೇಲೆ ಅದನ್ನು ತಲೆಕೆಳಗು ಮಾಡಿದರು. ಹಾಗೇ ಬಿಟ್ಟಿದ್ದರೆ ನಿಮ್ಮ ತಲೆಬರಹ ‘ಬಿಸಿ ಇಳಿಮುಖ’ ಅಂತ ಆಗುತ್ತಿತ್ತು. ನಿಜವಾದ ಸೊನ್ನೆ ಇರುವುದು ಮೈನಸ್ 273.15 ಡಿಗ್ರಿಯಲ್ಲಿ. 1848ರಲ್ಲಿ ವಿಜ್ಞಾನಿ ಕೆಲ್ವಿನ್ ಹಾಕಿಕೊಟ್ಟ ದಾರಿಯಲ್ಲಿ ಅಲ್ಲಿಂದ ಎಣಿಸಿದರೆ 20 ಡಿಗ್ರಿ ಅಂದರೆ 293, 40 ಡಿಗ್ರಿ ಅಂದರೆ 313. ನೂರಕ್ಕೆ 7ರಷ್ಟೂ ಏರಿಲ್ಲ. ಮೈಗೆ ಅದು ಭಾರಿ ವ್ಯತ್ಯಾಸವೇ, ಒಪ್ಪುತ್ತೇನೆ. ಆದರೆ ದುಪ್ಪಟ್ಟು ಅಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ಥರ್ಮಾಮೀಟರು 2 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಅದು 35.6 ಫ್ಯಾರನ್‌ಹೀಟ್, ನಿಜ. ಆದರೆ 2 ಡಿಗ್ರಿ ‘ಏರಿದರೆ’ ಆ ಏರಿಕೆ 3.6 ಫ್ಯಾರನ್‌ಹೀಟ್ ಮಾತ್ರ. ಏರಿಕೆಗೆ 32 ಕೂಡಿಸಬಾರದು. ಯಾರೋ ಫೋನಿನಲ್ಲಿ ಅಂಕಿ ಒತ್ತಿ, ಬಂದದ್ದನ್ನು ಹಾಗೇ ಇಳಿಸಿದ್ದಾರೆ. ಭೂಮಿ 35.6 ಫ್ಯಾರನ್‌ಹೀಟ್‌ನಷ್ಟು ಬಿಸಿಯಾದರೆ ನೀವು ಅಚ್ಚು ಹಾಕುವುದೂ ಇಲ್ಲ, ನಾನು ಓದುವುದೂ ಇಲ್ಲ.

ಇದಕ್ಕಿಂತ ನನ್ನನ್ನು ಬಹಳ ದಿನದಿಂದ ಕಾಡುವ ವಿಷಯ ಬೇರೆ ಇದೆ. ನಿಮ್ಮ ಪತ್ರಿಕೆಯಲ್ಲಿ ಶಾಖವೂ ತಾಪಮಾನವೂ ಒಂದೇ ಎಂಬಂತೆ ಬರೆಯುತ್ತಾರೆ. ‘60 ಡಿಗ್ರಿ ಶಾಖ’ ಎಂದು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ತಾಪಮಾನ ಎಂದರೆ ಎಷ್ಟು ಬಿಸಿ. ಶಾಖ ಎಂದರೆ ಎಷ್ಟು ಶಕ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಿತು. ಮೊದಲನೆಯದಕ್ಕೆ ಡಿಗ್ರಿ, ಎರಡನೆಯದಕ್ಕೆ ಕ್ಯಾಲರಿ ಅಥವಾ ಜೌಲ್.

ನಮ್ಮ ಬಾಯ್ಲರ್ ಮನೆಯ ಪಕ್ಕದಲ್ಲೇ ಫಿಟ್ಟರ್‌ಗಳು ಗ್ರೈಂಡರ್ ಹಿಡಿದು ಕಬ್ಬಿಣ ಉಜ್ಜುತ್ತಿದ್ದರು. ಕಿಡಿಗಳು ಮಳೆಯ ಹಾಗೆ ಹಾರಿ ಕೈ ಮೇಲೆ ಬೀಳುತ್ತಿದ್ದವು. ಒಂದೊಂದು ಕಿಡಿ 1000 ಡಿಗ್ರಿ ದಾಟಿರುತ್ತದೆ. ಚುಚ್ಚಿದ ಹಾಗೆ ಆಗಿ ಮರೆತುಹೋಗುತ್ತಿತ್ತು. ಅದೇ 60 ಡಿಗ್ರಿಯ ಒಂದು ಬಕೆಟ್ ನೀರನ್ನು ಮೈ ಮೇಲೆ ಸುರಿದುಕೊಂಡರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಬೇಯುತ್ತದೆ. ಕಿಡಿಯಲ್ಲಿ ಡಿಗ್ರಿ ಜಾಸ್ತಿ, ಶಾಖ ಚಿಟಿಕೆಯಷ್ಟು. ಬಕೆಟ್ಟಿನಲ್ಲಿ ಡಿಗ್ರಿ ಕಡಿಮೆ, ಶಾಖ ರಾಶಿ. (ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು. ಕಿಡಿ ಕಣ್ಣಿಗೆ ಬಿದ್ದರೆ ಈ ಲೆಕ್ಕ ನಡೆಯುವುದಿಲ್ಲ.)

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಬಲಗೈ ಮಣಿಕಟ್ಟಿನ ಮೇಲೆ ಒಂದು ಗುರುತಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಎರಡು ಪೈಪು ಕೂಡುವ ಒಂದು ಫ್ಲೇಂಜಿನಲ್ಲಿ, ಸೋರದ ಹಾಗೆ ನಡುವೆ ಇಡುವ ಗ್ಯಾಸ್ಕೆಟ್ ಸೋರುತ್ತಿತ್ತು. ಸುಯ್ ಅನ್ನುವ ಸದ್ದು ಕೇಳುತ್ತಿತ್ತು. ಸ್ವಲ್ಪ ದೂರದಲ್ಲಿ ಬಿಳಿ ಮೋಡದ ಹಾಗೆ ಕಾಣುತ್ತಿತ್ತು. ಆ ಬಿಳಿಯಿಂದ ದೂರ ಇರಬೇಕು ಅಂತ ಹುಷಾರಾಗಿ ಫ್ಲೇಂಜಿನ ಹತ್ತಿರ ಕೈ ಹಾಕಿದೆ. ಅಲ್ಲೇನೂ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಸ್ಟೀಮ್. ನಿಜವಾದ ಆವಿ ಕಣ್ಣಿಗೆ ಕಾಣುವುದಿಲ್ಲ. ನಾವು ನೋಡುವ ಬಿಳಿ, ಆವಿ ತಣ್ಣಗಾಗಿ ಸಣ್ಣ ಹನಿಯಾದ ಮೇಲಿನದು. ಆಮೇಲೆ ಹಿರಿಯ ಮೇಸ್ತ್ರಿಯೊಬ್ಬರು ಕೋಲಿನ ತುದಿಗೆ ಬಟ್ಟೆ ಕಟ್ಟಿ ಸೋರುವ ಜಾಗ ಹುಡುಕುವುದನ್ನು ಕಲಿಸಿದರು. ಮೊದಲೇ ಕಲಿಸಬಾರದಿತ್ತಾ ಅಂತ ಈಗಲೂ ಅನ್ನಿಸುತ್ತದೆ.

ಕುದಿಯುವ ನೀರಿಗಿಂತ ಆವಿ ಯಾಕೆ ಅಷ್ಟು ಸುಡುತ್ತದೆ? ಈ ಲೆಕ್ಕ ನನಗೆ ಬಾಯಿಪಾಠ. 100 ಡಿಗ್ರಿಯ 1 ಗ್ರಾಂ ನೀರು ಚರ್ಮದ ಮೇಲೆ 40 ಡಿಗ್ರಿಗೆ ಇಳಿದರೆ 60 ಕ್ಯಾಲರಿ ಬಿಟ್ಟುಕೊಡುತ್ತದೆ. ಅದೇ 100 ಡಿಗ್ರಿಯ 1 ಗ್ರಾಂ ಆವಿ ಮೊದಲು ನೀರಾಗಬೇಕು. ಹಾಗೆ ಆಗುವಾಗಲೇ ಸುಮಾರು 540 ಕ್ಯಾಲರಿ ಬಿಡುತ್ತದೆ. ಆಮೇಲೆ ಮತ್ತೆ ಆ 60. ಒಟ್ಟು 600. ಡಿಗ್ರಿ ಎರಡಕ್ಕೂ ಒಂದೇ, ಶಾಖ ಹತ್ತು ಪಟ್ಟು. ಥರ್ಮಾಮೀಟರಿಗೆ ಕಾಣದ ಈ 540ನ್ನು ಗುಪ್ತ ಶಾಖ ಅನ್ನುತ್ತಾರೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದ. ಶಾಖ ಬೇರೆ, ತಾಪಮಾನ ಬೇರೆ ಅಂತ ಸ್ಪಷ್ಟವಾಗಿ ಹೇಳಿದವನೂ ಅವನೇ. 250 ವರ್ಷದ ಮೇಲಾಯಿತು, ಅಲ್ವಾ?

ಈ ಗುಪ್ತ ಶಾಖ ಇರುವುದರಿಂದಲೇ ನಮ್ಮ ಹೊಟ್ಟೆ ತುಂಬಿತು ಅನ್ನಿ. ಬಾಯ್ಲರ್ ಇರುವುದೇ ಅದನ್ನು ಪೈಪಿನಲ್ಲಿ ಸಾಗಿಸುವುದಕ್ಕೆ. ಗೇಜಿನಲ್ಲಿ 10 ಬಾರ್ ಒತ್ತಡ ಇದ್ದರೆ ನೀರು 184 ಡಿಗ್ರಿಯವರೆಗೂ ಕುದಿಯುವುದಿಲ್ಲ. ಆದರೆ ಯಂತ್ರಕ್ಕೆ ಹೋಗಿ ಕೆಲಸ ಮಾಡುವುದು ಬಹುಪಾಲು ಆವಿ ನೀರಾಗುವಾಗ ಬಿಡುವ ಶಾಖ. ಇನ್ನು ಶಾಖ ಹೊರಹೋಗದ ಹಾಗೆ ಪೈಪಿಗೆ ಸುತ್ತಿದ ಹೊದಿಕೆ, ಲ್ಯಾಗಿಂಗ್, ಎಲ್ಲಾದರೂ ಕಿತ್ತುಹೋದರೆ ಆ ಶಾಖ ದಾರಿಯಲ್ಲೇ ಸೋರಿಹೋಗುತ್ತದೆ. ಮ್ಯಾನೇಜರು ‘ಒತ್ತಡ ಸರಿಯಾಗಿದೆಯಲ್ಲ, ಮತ್ತೇನು’ ಅಂತ ಕೇಳುತ್ತಿದ್ದರು. ಅವರಿಗೂ ನಿಮ್ಮ ವರದಿಗಾರರದೇ ತೊಂದರೆ. ಮುಳ್ಳು ಎಲ್ಲಿ ನಿಂತಿದೆ ಅನ್ನುವುದಷ್ಟೇ ಕಾಣುತ್ತಿತ್ತು. ಎಷ್ಟು ಹರಿದುಹೋಯಿತು ಅನ್ನುವುದು ಕಾಣುತ್ತಿರಲಿಲ್ಲ.

ಮನೆಯ ಗೀಸರ್‌ನಲ್ಲೂ ಇದೇ ಕಥೆ. ನನ್ನ ಮಗ ಅವಸರ ಇದ್ದ ದಿನ ಥರ್ಮೋಸ್ಟಾಟ್ ತಿರುಗಣೆಯನ್ನು ಪೂರ್ತಿ ತಿರುಗಿಸುತ್ತಾನೆ. ಬೇಗ ಕಾಯಲಿ ಅಂತ. ಅದು ಸ್ಕೂಟರಿನ ಆಕ್ಸಿಲರೇಟರ್ ಅಲ್ಲಪ್ಪ ಅಂತ ಹೇಳಿ ಸಾಕಾಗಿದೆ. ತಿರುಗಣೆ ಹೇಳುವುದು ಎಲ್ಲಿ ನಿಲ್ಲಿಸಬೇಕು ಅಂತ ಮಾತ್ರ. ಒಳಗಿನ ಕಾಯಿಲ್ 2 ಕಿಲೋವ್ಯಾಟ್ ಆದರೆ ಪ್ರತಿ ಸೆಕೆಂಡಿಗೆ ಅಷ್ಟೇ ಶಾಖ ಕೊಡುತ್ತದೆ, ನೀವು ಎಲ್ಲಿಗೆ ತಿರುಗಿಸಿದರೂ. 15 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಬರಲು 13 ನಿಮಿಷ ಬೇಕು. 60ಕ್ಕೆ ಬರಲು 21 ನಿಮಿಷ, ಕರೆಂಟು ಸುಮಾರು 0.7 ಯೂನಿಟ್. ಪೂರ್ತಿ ತಿರುಗಿಸಿದರೂ 45 ಬರುವುದು 13 ನಿಮಿಷಕ್ಕೇ. ಹಾಗಂತ ಯಾವಾಗಲೂ 40ರಲ್ಲಿ ಇಟ್ಟುಬಿಡಿ ಅಂತಲೂ ಹೇಳಲಾರೆ. ದಿನಗಟ್ಟಲೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60ರಲ್ಲಿ ಅದು ಸಾಯುತ್ತದೆ. ಕಾಯಿಸಿ ತಣ್ಣೀರು ಬೆರೆಸಿಕೊಳ್ಳುವುದೇ ಸರಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮರೆಯಬಾರದು.

ಸುಟ್ಟರೆ ಏನು ಮಾಡಬೇಕು ಅಂತಲೂ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮದೇ ಪುರವಣಿಯಲ್ಲಿ ಹಿಂದೊಮ್ಮೆ ಟೂತ್‌ಪೇಸ್ಟ್ ಹಚ್ಚಿ ಅಂತ ಬಂದಿತ್ತು. ದಯವಿಟ್ಟು ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಐಸ್ ಇಡಬಾರದು. ಒಳಗೆ ಇಳಿದ ಶಾಖವನ್ನು ನೀರು ಹೊತ್ತುಕೊಂಡು ಹೋಗಬೇಕು, ಪೇಸ್ಟ್ ಅದನ್ನು ಒಳಗೇ ಮುಚ್ಚಿಡುತ್ತದೆ. ಸುಟ್ಟ ಜಾಗ ದೊಡ್ಡದಿದ್ದರೆ, ಮುಖಕ್ಕೆ ತಗುಲಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ನನ್ನ ಮಣಿಕಟ್ಟಿಗೆ ಅವತ್ತು ಗ್ರೀಸ್ ಮೆತ್ತಿದರು. ಗುರುತು ಉಳಿದದ್ದು ಅದಕ್ಕೇ ಇರಬೇಕು.

ನಮ್ಮ ಭಾಷೆಯನ್ನೂ ಇಲ್ಲಿ ನೆನೆಯಬೇಕು. ಕನ್ನಡದಲ್ಲಿ ಪದಗಳಿಗೆ ಏನು ಬರ! ಬೆಂಕಿಯಿಂದ ದೂರ ನಿಂತರೂ ಮುಖಕ್ಕೆ ಹೊಡೆಯುವುದು ಝಳ. ಪುಸ್ತಕದವರು ಅದನ್ನೇ ವಿಕಿರಣ ಅನ್ನುತ್ತಾರೆ. ಒಲೆ ಆರಿದ ಮೇಲೂ ಕಲ್ಲಿನಲ್ಲಿ ಉಳಿಯುವುದು ಕಾವು. ಬೆವರು ಒಣಗದೆ ಮೈ ಅಂಟಂಟಾದರೆ ಅದು ಸೆಕೆ. ಬೇಗೆ, ಧಗೆ ಬೇರೆ ಇವೆ. ಇಷ್ಟೆಲ್ಲ ಇಟ್ಟುಕೊಂಡು ಎಲ್ಲದಕ್ಕೂ ‘ಉಷ್ಣ’ ಅಂತ ಒಂದೇ ಮುದ್ರೆ ಒತ್ತುತ್ತೀರಿ.

ಈ ಸೆಕೆ ಅನ್ನುವ ಪದದಿಂದಲೇ ನನ್ನ ಕೋರಿಕೆ ಹುಟ್ಟಿದ್ದು. ನಿಮ್ಮ ಹವಾಮಾನ ಮೂಲೆಯಲ್ಲಿ ಗರಿಷ್ಠ, ಕನಿಷ್ಠ ಎಂದು ಎರಡು ಅಂಕಿ ಮಾತ್ರ ಇರುತ್ತವೆ. ಗಾಳಿಯ ತೇವಾಂಶವನ್ನೂ ಹಾಕಿ. ಬಿಸಿಲಲ್ಲಿ ದುಡಿಯುವವನ ಜೀವ ನಿಂತಿರುವುದು ಬೆವರು ಆರುವುದರ ಮೇಲೆ. ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಎಳೆದುಕೊಂಡು ಹೋಗುತ್ತದೆ. ಅದೇ ಗುಪ್ತ ಶಾಖ, ಈ ಸಲ ನಮ್ಮ ಪರವಾಗಿ. ಆರದೆ ತೊಟ್ಟಿಕ್ಕಿದರೆ ಏನೂ ಪ್ರಯೋಜನವಿಲ್ಲ.

ಬಾಯ್ಲರ್ ಮನೆಯ ಗೋಡೆಯಲ್ಲಿ ನಾವು ಎರಡು ಥರ್ಮಾಮೀಟರ್ ತೂಗುಹಾಕಿದ್ದೆವು. ಒಂದರ ಬುಡಕ್ಕೆ ಒದ್ದೆ ಬಟ್ಟೆ. ಬಟ್ಟೆಯ ನೀರು ಬೆವರಿನ ಹಾಗೆಯೇ ಆರಿ ಅದನ್ನು ತಣಿಸುತ್ತದೆ. ಆ ಒದ್ದೆ ಥರ್ಮಾಮೀಟರು ಹೇಳುವುದೇ ಮೈಯ ಕಷ್ಟ. ಹೊರಗೆ 40 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 20 ಇದ್ದರೆ ಅದು 23ರ ಆಸುಪಾಸು ನಿಲ್ಲುತ್ತದೆ. ಹೊರಗೆ 35 ಇದ್ದು ತೇವಾಂಶ 80 ಇದ್ದರೆ 32ರ ಆಸುಪಾಸು ಏರುತ್ತದೆ. ಒದ್ದೆ ಥರ್ಮಾಮೀಟರೇ 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟು ಆಳಿಗೂ ಮೈ ತಣಿಸಿಕೊಳ್ಳಲು ದಾರಿ ಇಲ್ಲ. ದುಡಿಯುವವರಿಗೆ, ವಯಸ್ಸಾದವರಿಗೆ ಅದಕ್ಕೆ ಬಹಳ ಮೊದಲೇ ಅಪಾಯ. ಆದರೆ ನಿಮ್ಮ ಮೂಲೆ ಓದಿದವರು ಏನಂದುಕೊಳ್ಳುತ್ತಾರೆ? 40ರ ದಿನ ಮನೆಯಲ್ಲಿ ಕೂರುತ್ತಾರೆ, 35ರ ದಿನ ಪರವಾಗಿಲ್ಲ ಅಂತ ಗುದ್ದಲಿ ಹಿಡಿದು ಹೊರಡುತ್ತಾರೆ.

ಇನ್ನೊಂದು ಅಂಕಿಗೆ ಆ ಮೂಲೆಯಲ್ಲಿ ಜಾಗ ಇದೆ. ಸ್ಕೇಲ್ ಇಟ್ಟು ಅಳೆದು ನೋಡಿದ್ದೇನೆ.

ಮೊಮ್ಮಗಳು ಆ ‘ದುಪ್ಪಟ್ಟು’ ಸುದ್ದಿಯನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದಾಳೆ. ಪಕ್ಕದ ಹಾಳೆ ಖಾಲಿ ಬಿಟ್ಟಿದ್ದಾಳೆ, ನಿಮ್ಮ ತಿದ್ದುಪಡಿ ಬಂದರೆ ಅಂಟಿಸಲು.

ಇತಿ,
ನಿವೃತ್ತ ಬಾಯ್ಲರ್ ಆಪರೇಟರ್