ಬದಿಯಡ್ಕದ ಬಸ್‌ಸ್ಟಾಂಡಿನಲ್ಲಿ ಸಿಕ್ಕಿದ ಅಣ್ಣನಿಗೆ

ಅಣ್ಣ, ನಿಮ್ಮ ಹೆಸರು ಕೇಳಲೇ ಇಲ್ಲ, ಅಷ್ಟರಲ್ಲಿ ಕಾಸರಗೋಡಿನ ಬಸ್ಸು ಬಂತು.

ನಮ್ಮದು ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ. ಬಿಲ್ಲನ್ನು ಎಚ್‌ಟಿಎಂಎಲ್ ಮೇಲ್ ಆಗಿ, ಅಂದರೆ ವೆಬ್ ಪುಟದ ಹಾಗೆ ಕೋಡ್ ಬರೆದು ಇಮೇಲ್‌ನಲ್ಲಿ ಕಳಿಸುತ್ತೇನೆ. ನನ್ನ ಫೋನಿನಲ್ಲಿ ಎಲ್ಲ ಚೆಂದ ಕಾಣುತ್ತಿತ್ತು, ಆದರೆ ಪುಣೆಯ ಗಿರಾಕಿ ಕಳಿಸಿದ ಫೋಟೋದಲ್ಲಿ ತಟ್ಟೆಯ ಲೆಕ್ಕ, ದರ, ಮೊತ್ತ ಎಲ್ಲ ಒಂದರ ಕೆಳಗೆ ಒಂದು ಬಿದ್ದುಕೊಂಡು, ರೂಪಾಯಿ ಚಿಹ್ನೆ ಇರಬೇಕಾದಲ್ಲಿ ಏನೋ ಮೂರು ವಿಚಿತ್ರ ಅಕ್ಷರ. "ಇದೆಂಥ ಬಿಲ್ಲು" ಅಂದರು. ಮರ್ಯಾದೆ ಹೋಯ್ತು.

ನೀವು ಫೋಟೋ ನೋಡಿದ್ದೇ ತಡ, "ಅವರು ಔಟ್‌ಲುಕ್‌ನಲ್ಲಿ ತೆರೆದಿದ್ದಾರೆ ಅಲ್ವಾ?" ಅಂದಿರಿ. ಹೌದು! ವಿಂಡೋಸ್‌ನ ಔಟ್‌ಲುಕ್ 2007ರಿಂದ ಮೇಲನ್ನು ಬ್ರೌಸರಿನಂತೆ ಅಲ್ಲ, ವರ್ಡ್‌ನ ಎಂಜಿನ್‌ನಲ್ಲಿ ತೋರಿಸುತ್ತಿತ್ತು, ಸಾಲಾಗಿ ಜೋಡಿಸಲು ನಾನು ಹಾಕಿದ್ದ ಫ್ಲೆಕ್ಸ್ ಅನ್ನೋ ಸ್ಟೈಲ್ ಅದಕ್ಕೆ ತಿಳಿಯದು ಅಂತ ಹೇಳಿದಿರಿ. ಹಳೇ ಕಾಲದ ಟೇಬಲ್ಲೇ ಹಾಕು, ಸ್ಟೈಲನ್ನು ಆಯಾ ಟ್ಯಾಗಿನೊಳಗೇ ಬರೆ ಅಂದಿರಿ. ನಾನು ಮೂರು ದಿನ ಸುಮ್ನೆ ಬಣ್ಣ ಬದಲಾಯಿಸುತ್ತಾ ಕೂತಿದ್ದೆ.

ರೂಪಾಯಿ ಚಿಹ್ನೆಯದ್ದು ಇನ್ನೂ ಮಜಾ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಅದಕ್ಕೆ 3 ಬೈಟು, ಇಮೇಲ್‌ನ ಹೆಡರಿನಲ್ಲಿ ಚಾರ್‌ಸೆಟ್ (ಯಾವ ಪದ್ಧತಿ ಅಂತ) ಹೇಳದಿದ್ದರೆ ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿಬಿಡಬಹುದಂತೆ. ನಾನು ಮರೆತದ್ದು ಆ ಒಂದೇ ಸಾಲು. ಜೊತೆಗೆ ಪಿಡಿಎಫ್ ಕೂಡ ಲಗತ್ತಿಸು ಅಂದದ್ದನ್ನೂ ಮಾಡಿದೆ.

ನಿನ್ನೆ ಹೊಸ ಬಿಲ್ಲು ಹೋಯಿತು, ಸಂಜೆಗೇ ದುಡ್ಡು ಬಂತು. ಆವತ್ತು ನನ್ನ ಚಾದ ದುಡ್ಡನ್ನೂ ನೀವೇ ಕೊಟ್ಟಿರಿ. ಮುಂದಿನ ಸಲ ನನ್ನದು, ಗೋಳಿಬಜೆ ಸಮೇತ. ತುಂಬಾ ಥ್ಯಾಂಕ್ಸ್ ಅಣ್ಣ.