ಪೂಜೆಗೆ ತೆಗೆದ ಓಲೆಗರಿ ಹಾಳಾಗದಿರಲಿ

ಮಾನ್ಯರೇ,

ಜ್ಯೇಷ್ಠ ಶುದ್ಧ ಪಂಚಮಿಯಂದು, ಅಂದರೆ ಶ್ರುತಪಂಚಮಿಯ ದಿನ, ಬಸದಿಗಳಲ್ಲಿ ಓಲೆಗರಿ ಗ್ರಂಥಗಳನ್ನು ಹೊರತೆಗೆದು ಪೂಜಿಸುತ್ತಾರೆ. ಧರಸೇನಾಚಾರ್ಯರಿಂದ ಕೇಳಿ ಕಲಿತದ್ದನ್ನು ಪುಷ್ಪದಂತ, ಭೂತಬಲಿ ಮುನಿಗಳು ‘ಷಟ್ಖಂಡಾಗಮ’ ಎಂಬ ಜೈನ ಶಾಸ್ತ್ರಗ್ರಂಥವಾಗಿ ಬರಹಕ್ಕಿಳಿಸಿದ್ದರ ನೆನಪು ಅದು. ವೀರಸೇನರು 816ರಲ್ಲಿ ಮುಗಿಸಿದ ಅದರ ‘ಧವಲಾ’ ವ್ಯಾಖ್ಯಾನ ಇಂದು ನಮಗೆ ಸಿಕ್ಕಿರುವುದು ಮೂಡುಬಿದಿರೆಯ ಕನ್ನಡ ಲಿಪಿಯ ಗರಿಗಳಿಂದ. ಕರಾವಳಿಯ ಮಳೆ, ಗೆದ್ದಲುಗಳ ನಡುವೆ ಅವನ್ನು ಶತಮಾನಗಳ ಕಾಲ ಕಾಯ್ದದ್ದು ಸಣ್ಣ ಸಾಧನೆಯಲ್ಲ.

ಬೇಸರವೆಂದರೆ, ಈಗ ಹಲವೆಡೆ ಭಕ್ತಿಯಿಂದಲೇ ಹಾನಿಯಾಗುತ್ತಿದೆ. ಗರಿಯ ಮೇಲೆ ನೇರವಾಗಿ ಹಚ್ಚಿದ ಕುಂಕುಮದ ಕಲೆ ಹೋಗುವುದಿಲ್ಲ. ಬಿಸಿಲಿಗಿಟ್ಟರೆ ಗರಿ ಒಣಗಿ, ಮುಟ್ಟಿದರೆ ಮುರಿಯುತ್ತದೆ. ಕೊಬ್ಬರಿ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ.

ಮೊದಲು ಮೆತ್ತನೆಯ ಕುಂಚದಿಂದ ನಾರಿನ ಉದ್ದಕ್ಕೇ ಧೂಳು ತೆಗೆಯಬೇಕು, ಅಡ್ಡಕ್ಕಲ್ಲ. ಕಂಟದಿಂದ (ಲೋಹದ ಚೂಪು ಲೇಖನಿಯಿಂದ) ಕೊರೆದ ಅಕ್ಷರವಾದರೆ ಮಾತ್ರ ಹತ್ತಿಗೆ ಮಜ್ಜಿಗೆಹುಲ್ಲಿನ ಎಣ್ಣೆ ತಾಗಿಸಿ ತೆಳುವಾಗಿ ಸವರಿ, ಒಣಬಟ್ಟೆಯಿಂದ ಒರೆಸಬಹುದು. ಅಕ್ಷರ ಮಸುಕಾಗಿದ್ದರೆ ಅದೇ ಎಣ್ಣೆಯಲ್ಲಿ ದೀಪದ ಮಸಿ ಕಲಸಿ ತಿಕ್ಕಿ, ಹೆಚ್ಚಾದದ್ದನ್ನು ತೆಗೆಯಬೇಕು. ಶಾಯಿಯಲ್ಲಿ ಬರೆದ ಗರಿಗೆ, ಚಿತ್ರವಿರುವ ಗರಿಗೆ ಎಣ್ಣೆ ಸೋಕಿಸಲೇಬಾರದು.

ಒಂದಕ್ಕೊಂದು ಅಂಟಿದ ಗರಿಗಳನ್ನು ಎಳೆದು ಬಿಡಿಸಿದರೆ ಮೇಲ್ಪದರವೇ ಅಕ್ಷರದೊಂದಿಗೆ ಕಿತ್ತು ಬರುತ್ತದೆ. ಅದನ್ನು ತಜ್ಞರಿಗೇ ಬಿಡಿ. ದಾರ ಬಿಗಿದರೆ ತೂತು ಹರಿಯುತ್ತದೆ. ಗರಿಗಿಂತ ತುಸು ದೊಡ್ಡ ಹಲಗೆಗಳ ನಡುವಿಟ್ಟು ಹತ್ತಿಬಟ್ಟೆ ಸುತ್ತಿದರೆ ಸಾಕು. ಪ್ಲಾಸ್ಟಿಕ್ ಚೀಲ ತೇವ ಹಿಡಿದು ಬೂಷ್ಟು ತರಿಸುತ್ತದೆ. ಹಬ್ಬ ಬರುವುದು ಮಳೆಗಾಲದ ಹೊಸ್ತಿಲಲ್ಲಿ. ಆದ್ದರಿಂದ ಬಸದಿಗಳ ಆಡಳಿತದವರು ಚೀಲಗಳನ್ನು ಈಗಲೇ ತೆಗೆಸಬೇಕೆಂದು ವಿನಂತಿ.

– ಹಸ್ತಪ್ರತಿ ಆಸಕ್ತರು, ಮಂಗಳೂರು