ಯುರೋಪಿನ ಸಹಾಯಧನ ಹಸುವಿಗಲ್ಲ, ಪಹಣಿಗೆ

ಸಂಪಾದಕರಿಗೆ,

ಮಾನ್ಯರೇ,

ಈಚೆಗೆ ನಿಮ್ಮ ಪತ್ರಿಕೆಯ ಓದುಗರೊಬ್ಬರು ‘ಯುರೋಪಿನಲ್ಲಿ ಒಂದೊಂದು ಹಸುವಿಗೂ ದಿನಕ್ಕೆ ಎರಡು ಡಾಲರ್ ಸಹಾಯಧನ ಕೊಡುತ್ತಾರೆ, ನಮ್ಮಲ್ಲಿ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಕೊಡಲು ತಿಣುಕುತ್ತಾರೆ’ ಎಂದು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಈ ಎರಡು ಡಾಲರಿನ ಲೆಕ್ಕ ಇಪ್ಪತ್ತು ವರ್ಷಕ್ಕೂ ಹಳೆಯದು. ಸಂಘದ ವಾರ್ಷಿಕ ಸಭೆಗಳಲ್ಲಿ, ಚುನಾವಣೆಯ ಭಾಷಣಗಳಲ್ಲಿ ನಾನೂ ಇದನ್ನು ಕೇಳಿ ಚಪ್ಪಾಳೆ ತಟ್ಟಿದವಳೇ. ಆ ಕಾಲಕ್ಕೆ ಅದು ತೀರಾ ಸುಳ್ಳಾಗಿರಲಿಲ್ಲ. ಈಗ ಅಲ್ಲಿ ಹಣದ ಬಹುಪಾಲನ್ನು ಹಾಗೆ ಕೊಡುವುದಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ನಿವೃತ್ತಿಯಾದ ಮೇಲೆ ಮಗ ಸೊಸೆಯ ಜೊತೆ ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿದ್ದೇನೆ. ಮನೆಯ ಹಿಂದಿನ ಬೇಲಿಯಾಚೆ ಒಬ್ಬ ಹೈನುಗಾರರ ಹುಲ್ಲುಗಾವಲು. ಡೇರಿಯವಳು ಎಂದು ಗೊತ್ತಾದ ಮೇಲೆ ಅವರು ನನಗೆ ಕೊಟ್ಟಿಗೆಯನ್ನೂ ತೋರಿಸಿದರು, ಬಟವಾಡೆಯ ಚೀಟಿಯನ್ನೂ ತೋರಿಸಿದರು. ಚೀಟಿ ನೋಡಿದರೆ ನಮ್ಮ ಹಾಸನದ ಡೇರಿಗಿಂತ ಖಡಕ್ಕು. ಕೊಬ್ಬಿನ ಕಿಲೋಗೆ ಒಂದು ದರ, ಪ್ರೋಟೀನಿನ ಕಿಲೋಗೆ ಇನ್ನೊಂದು ದರ, ಎರಡನ್ನೂ ಕೂಡಿಸಿ ಕೊನೆಗೆ ಲೀಟರಿಗೆ ಇಷ್ಟೆಂದು ಕಡಿತ. ಅಂದರೆ ಹಾಲಿನಲ್ಲಿರುವ ನೀರಿಗೆ ಕಾಸು ಸಿಗದಿರುವುದು ಒಂದು ಕಡೆ, ಅದನ್ನು ಸಾಗಿಸಿ ಸಂಸ್ಕರಿಸುವ ಖರ್ಚನ್ನು ರೈತನೇ ಕೊಡಬೇಕು. ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆಹಚ್ಚುವ ಲ್ಯಾಕ್ಟೋಮೀಟರ್ ಹಿಡಿದು ಜಗಳವಾಡಿದ ದಿನಗಳಲ್ಲಿ ಈ ಉಪಾಯ ನನಗೆ ಹೊಳೆದಿದ್ದರೆ ಎಷ್ಟು ಹಗುರಾಗುತ್ತಿತ್ತು! ಸಹಕಾರದಲ್ಲೂ ಇವರು ಹಳಬರು. ಪಕ್ಕದ ಲಿಮೆರಿಕ್ ಜಿಲ್ಲೆಯಲ್ಲಿ ರೈತರ ಮೊದಲ ಸಹಕಾರಿ ಕ್ರೀಮರಿ ಶುರುವಾದದ್ದು 1889ರಲ್ಲಿ.

ಈಗ ಎರಡು ಡಾಲರಿನ ಮಾತು. ಯುರೋಪಿನ ಸಾಮಾನ್ಯ ಕೃಷಿ ನೀತಿ 1962ರದು. ಯುದ್ಧಕಾಲದ ಹಸಿವು ಕಂಡವರು ಮಾಡಿದ ನೀತಿ ಅದು. ಎಷ್ಟು ಹಾಲು ಕರೆದರೂ ನಿಗದಿತ ಬೆಲೆಗೆ ಬೆಣ್ಣೆಯನ್ನೂ ಪುಡಿಯನ್ನೂ ಸರ್ಕಾರವೇ ಕೊಳ್ಳುತ್ತಿತ್ತು. ಕೊಳ್ಳುತ್ತ ಕೊಳ್ಳುತ್ತ ಗೋದಾಮು ತುಂಬಿತು, ಬಜೆಟ್ಟಿನ ಮೂರರಲ್ಲಿ ಎರಡು ಪಾಲು ಕೃಷಿಗೇ ಹೋಗತೊಡಗಿತು. ಆ ಹೆಚ್ಚುವರಿ ಪುಡಿ ಮತ್ತು ಬೆಣ್ಣೆ ಎಣ್ಣೆಯಲ್ಲಿ ಒಂದು ಪಾಲು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1970ರಿಂದ ನಮಗೂ ದಾನವಾಗಿ ಬಂತು. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರು ಅದನ್ನು ಪುಕ್ಕಟೆ ಹಂಚಲಿಲ್ಲ. ಹಾಲು ಮಾಡಿ ಪಟ್ಟಣಗಳಲ್ಲಿ ಮಾರಿಸಿ, ಬಂದ ದುಡ್ಡನ್ನು ಹಳ್ಳಿಯ ಡೇರಿಗಳಿಗೆ ಹಾಕಿದರು. ಹಾಗೆ ಮಾಡದೆ ಬಿಟ್ಟಿದ್ದರೆ ಆ ದಾನವೇ ನಮ್ಮ ರೈತರ ಕುತ್ತಿಗೆಗೆ ಬರುತ್ತಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಇವತ್ತು ಆಗುತ್ತಿರುವುದು ಅದೇ. ಕೆನೆ ತೆಗೆದ ಹಾಲಿನ ಪುಡಿಗೆ ತಾಳೆ ಎಣ್ಣೆ ಬೆರೆಸಿ ಯುರೋಪಿನಿಂದ ಅಗ್ಗಕ್ಕೆ ಕಳಿಸುತ್ತಾರೆ, ಅಲ್ಲಿನ ದನಗಾಹಿಯ ಹಾಲು ಕೇಳುವವರಿಲ್ಲ. ಯುರೋಪಿನ ಜೊತೆಗಿನ ವ್ಯಾಪಾರ ಮಾತುಕತೆಯಲ್ಲಿ ಹಾಲನ್ನು ಹೊರಗಿಡಬೇಕೆಂದು ನಮ್ಮ ಸರ್ಕಾರ ಹಿಡಿದ ಪಟ್ಟು ಸರಿ ಎನ್ನುವುದರಲ್ಲಿ ಆ ಓದುಗರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಖರ್ಚು ತಾಳಲಾರದೆ 1984ರ ಏಪ್ರಿಲ್‌ನಲ್ಲಿ ಕೋಟಾ ತಂದರು. ಪ್ರತಿ ರೈತನಿಗೂ ಇಷ್ಟೇ ಹಾಲು, ಮೀರಿದರೆ ದಂಡ. 2003ರ ಸುಧಾರಣೆಯಲ್ಲಿ ಬೆಣ್ಣೆ, ಪುಡಿಗಳ ಬೆಂಬಲ ಬೆಲೆ ಇಳಿಸಿ, ರೈತನಿಗೆ ಕೊಡುವ ಹಣವನ್ನು ಹಾಲಿನಿಂದಲೇ ಬಿಡಿಸಿಬಿಟ್ಟರು. ಐರ್ಲೆಂಡಿನಲ್ಲಿ ಇದು ಜಾರಿಗೆ ಬಂದದ್ದು 2005ರಲ್ಲಿ. ಆಮೇಲೆ ಹಣ ಬರುವುದು ಹೆಕ್ಟೇರಿಗೆ ಇಷ್ಟು ಎಂದು. ಅದೂ ಬಹುಕಾಲ 2000ದಿಂದ 2002ರವರೆಗೆ ಯಾರು ಎಷ್ಟು ಪಡೆದಿದ್ದರೋ ಆ ಹಳೆಯ ಲೆಕ್ಕದ ಮೇಲೆ. ಹಾಲು ಕರೆದರೂ ಬರುತ್ತದೆ, ಕರೆಯದಿದ್ದರೂ ಬರುತ್ತದೆ. ಜಮೀನು ಹೆಚ್ಚಿದ್ದವನಿಗೆ ಹೆಚ್ಚು. ಇಡೀ ಯುರೋಪಿನಲ್ಲಿ ಈ ನೇರ ಹಣದ ಶೇ 80ರಷ್ಟು ಹೋಗುವುದು ಶೇ 20ರಷ್ಟು ಮಂದಿಗೆ ಎಂದು ಬ್ರಸೆಲ್ಸಿನವರೇ, ಅಂದರೆ ಯುರೋಪ್ ಒಕ್ಕೂಟದ ಆಡಳಿತದವರೇ, ಒಪ್ಪುತ್ತಾರೆ.

ಹಾಗಾದರೆ ಹಾಲಿನ ಬೆಲೆ? ಅದು ಜಗತ್ತಿನ ಪೇಟೆಗೆ ಬಿಟ್ಟದ್ದು. 2009ರಲ್ಲಿ ಲೀಟರಿಗೆ 20 ಯೂರೋ ಸೆಂಟಿನ (ನೂರು ಸೆಂಟಿಗೆ ಒಂದು ಯೂರೋ) ಆಸುಪಾಸಿಗೆ ಬಿದ್ದಾಗ ಬೆಲ್ಜಿಯಂನ ಸಿನೆ ಎಂಬಲ್ಲಿ ರೈತರು ಟ್ರ್ಯಾಕ್ಟರ್ ಟ್ಯಾಂಕರುಗಳಲ್ಲಿ ಸುಮಾರು 30 ಲಕ್ಷ ಲೀಟರ್ ಹಾಲನ್ನು ಹೊಲಕ್ಕೆ ಸುರಿದರು. 2022ರಲ್ಲಿ ಇಲ್ಲಿ ಅದೇ ಬೆಲೆ 60 ಸೆಂಟಿನ ಹತ್ತಿರಕ್ಕೆ ಹೋಯಿತು, ಮರುವರ್ಷ 35ರ ಸುತ್ತ ಬಂದು ನಿಂತಿತು. ಹೈನುಗಾರರ ಸರಾಸರಿ ಆದಾಯ ಆ ಒಂದೇ ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಕುಸಿಯಿತು ಎಂದು ಇಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಚಾಗಸ್ಕ್‌ನ ಸಮೀಕ್ಷೆ ಹೇಳಿತು. 35 ಸೆಂಟನ್ನು ರೂಪಾಯಿಗೆ ಗುಣಿಸಿ ನೋಡಿ. ನಮ್ಮೂರಿನ ಡೇರಿ ದರಕ್ಕೂ ಅದಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ಕೂಲಿ, ಡೀಸೆಲ್, ಗೊಬ್ಬರ ಮಾತ್ರ ಈ ದೇಶದ ದರದಲ್ಲಿ.

ನನಗೆ ಹೆಚ್ಚು ಕಸಿವಿಸಿಯಾದದ್ದು ಬೆಲೆಯ ಏರಿಳಿತ ಕೇಳಿ ಅಲ್ಲ. ಅದು ನಮಗೇನು ಹೊಸದೇ? ಇಲ್ಲಿ ‘ಹೆಚ್ಚಿಸು’ ಎಂದವರೇ ‘ಇಳಿಸು’ ಎಂದರು. 2015ರ ಮಾರ್ಚ್ 31ಕ್ಕೆ ಕೋಟಾ ಮುಗಿಯಿತು. ಅದಕ್ಕೂ ಮೊದಲೇ ಐರ್ಲೆಂಡ್ ಸರ್ಕಾರ ಹಾಲಿನ ಉತ್ಪಾದನೆಯನ್ನು ಅರ್ಧದಷ್ಟು ಹೆಚ್ಚಿಸಬೇಕೆಂದು ಗುರಿ ಇಟ್ಟಿತ್ತು. ಬ್ಯಾಂಕುಗಳು ಕರೆದು ಸಾಲ ಕೊಟ್ಟವು. ಈ ನೆರೆಯವರು ಹಾಲು ಕರೆಯುವ ಹೊಸ ಕೊಟ್ಟಿಗೆ ಕಟ್ಟಿಸಿದ್ದು ಆಗಲೇ. ದೇಶದಲ್ಲಿ ಕರೆಯುವ ಹಸುಗಳ ಸಂಖ್ಯೆ ಸುಮಾರು 11 ಲಕ್ಷದಿಂದ 16 ಲಕ್ಷದ ಹತ್ತಿರಕ್ಕೆ ಏರಿತು. ಅಷ್ಟರಲ್ಲಿ ಏನಾಯಿತು? 2014ರ ಆಗಸ್ಟಿನಲ್ಲೇ ರಷ್ಯಾ ಯುರೋಪಿನ ಹಾಲಿನ ಪದಾರ್ಥಗಳನ್ನು ನಿಷೇಧಿಸಿತ್ತು, ಚೀನಾದ ಖರೀದಿಯೂ ತಗ್ಗಿತ್ತು. ಬೆಲೆ ಬಿತ್ತು, ಸರ್ಕಾರಿ ಗೋದಾಮುಗಳಲ್ಲಿ ಮೂರೂವರೆ ಲಕ್ಷ ಟನ್ನಿಗೂ ಹೆಚ್ಚು ಪುಡಿ ಕೂತಿತು. ಕೋಟಾ ಎತ್ತಿ ಎರಡು ವರ್ಷವೂ ಆಗಿರಲಿಲ್ಲ, 2016ರಲ್ಲಿ ಹಾಲು ಕಡಿಮೆ ಮಾಡಿದವರಿಗೆ ಕಿಲೋಗೆ 14 ಸೆಂಟ್ ಕೊಡುತ್ತೇವೆ ಎಂದು ಬ್ರಸೆಲ್ಸ್ 15 ಕೋಟಿ ಯೂರೋ ತೆಗೆದಿಟ್ಟಿತು. ಕರೆದ ಹಾಲಿಗೆ ಬೆಲೆಯಿಲ್ಲ, ಕರೆಯದ ಹಾಲಿಗೆ ಬೆಲೆ! ಕೊಟ್ಟಿಗೆಯ ಸಾಲದ ಕಂತು ಮಾತ್ರ ಹಾಗೇ ಇತ್ತು.

ಈಗ ನೀರಿನ ಸರದಿ. ಹಸು ಹೆಚ್ಚಿದಂತೆ ಸಗಣಿ ಗಂಜಲ ಹೆಚ್ಚಿ, ಐರ್ಲೆಂಡಿನ ದಕ್ಷಿಣದ ಹೊಳೆಗಳಲ್ಲಿ ಸಾರಜನಕದ ಅಂಶ ಏರಿದೆ. ಇದನ್ನು ನೆರೆಯವರೂ ಅಲ್ಲಗಳೆಯುವುದಿಲ್ಲ. ಹೆಕ್ಟೇರಿಗೆ 170 ಕಿಲೋ ಸಾವಯವ ಸಾರಜನಕ ಎಂಬುದು ಯುರೋಪಿನ ಮಿತಿ. ವಿಶೇಷ ವಿನಾಯಿತಿಯಲ್ಲಿ ಇಲ್ಲಿಯವರು 250ರವರೆಗೆ ಹೋಗಬಹುದಿತ್ತು. 2024ರ ಜನವರಿಯಿಂದ ದೇಶದ ಹಲವು ಭಾಗಗಳಲ್ಲಿ ಅದನ್ನು 220ಕ್ಕೆ ಇಳಿಸಿದರು. ನೆರೆಯವರ ಜಮೀನು ಆ ನಕ್ಷೆಯೊಳಗೆ ಬಿದ್ದಿದೆ.

ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಲೆಕ್ಕ ಹಾಕಿದೆವು. ಮಧ್ಯಮ ಹಾಲಿನ ಹಸುವೊಂದಕ್ಕೆ ವರ್ಷಕ್ಕೆ 92 ಕಿಲೋ ಸಾರಜನಕ ಎಂದು ಹಿಡಿಯುತ್ತಾರೆ. ಅವರದು 40 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನೂರು ಎಕರೆ. 250 ಇದ್ದಾಗ 108 ಹಸು ಕಟ್ಟಬಹುದಿತ್ತು. 220 ಆದ ಮೇಲೆ 95. ಕರು, ಕಡಸುಗಳ ಲೆಕ್ಕ ಬೇರೆ. ಹಸು ವರ್ಷಕ್ಕೆ 6,500 ಕಿಲೋ ಮೀರಿ ಹಾಲು ಕೊಡುವಂಥದ್ದಾದರೆ ಅದಕ್ಕೆ 106 ಕಿಲೋ ಎಂದು ಹಿಡಿಯುತ್ತಾರೆ, ಆಗ 83ಕ್ಕೆ ಮುಗಿಯಿತು. ಹೆಚ್ಚು ಹಾಲು ಕೊಡುವ ಹಸುವನ್ನು ಆರಿಸಿ ತಂದದ್ದೇ ಅವರಿಗೆ ಮುಳುವಾಯಿತು. ಹಸು ಮಾರಬೇಕು, ಇಲ್ಲವೇ ಪಕ್ಕದ ಜಮೀನನ್ನು ಗುತ್ತಿಗೆಗೆ ಹಿಡಿಯಬೇಕು. ಎಲ್ಲರೂ ಗುತ್ತಿಗೆಗೆ ಮುಗಿಬಿದ್ದ ಮೇಲೆ ಅದರ ದರ ಏನಾಗಿರಬಹುದು, ನೀವೇ ಊಹಿಸಿ. ಅಕ್ಟೋಬರ್ ಒಂದರಿಂದ ಜನವರಿಯವರೆಗೆ ಸಗಣಿ ಗಂಜಲದ ಬಗ್ಗಡವನ್ನು ಹೊಲಕ್ಕೆ ಬಿಡುವಂತಿಲ್ಲ. ಅದಕ್ಕೆ ದೊಡ್ಡ ತೊಟ್ಟಿ, ಆ ತೊಟ್ಟಿಗೆ ಮತ್ತೊಂದು ಸಾಲ. ವಿನಾಯಿತಿ ಸಿಗುವುದೂ ಕೆಲವೇ ವರ್ಷಗಳ ಮಟ್ಟಿಗೆ. ಮುಗಿಯುತ್ತ ಬಂದಾಗಲೆಲ್ಲ ಬ್ರಸೆಲ್ಸಿನ ಕಡೆ ಕತ್ತೆತ್ತಿ ಕೂರಬೇಕು. ಹೊಳೆ ಚೊಕ್ಕಟವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಹಸು ಹೆಚ್ಚಿಸಿ ಎಂದು ಗುರಿ ಹಾಕಿದ ದಿನ ಹೊಳೆಯ ಲೆಕ್ಕವನ್ನೂ ಹಾಕಬಾರದಿತ್ತೇ ಎಂಬುದಷ್ಟೇ ನನ್ನ ತಕರಾರು.

(2023ರಲ್ಲಿ ‘ಐರ್ಲೆಂಡಿನಲ್ಲಿ ಎರಡು ಲಕ್ಷ ಹಸು ಕೊಲ್ಲುತ್ತಾರಂತೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಮ್ಮೂರಿಗೂ ಬಂದಿತ್ತು. ಹವಾಮಾನದ ಗುರಿ ಮುಟ್ಟಲು ಏನೇನು ಮಾಡಬಹುದು ಎಂದು ಇಲಾಖೆ ಹಾಕಿಕೊಂಡಿದ್ದ ಅಂದಾಜಿನ ಕಡತ ಅದು. ಅದು ಯೋಜನೆಯಾಗಿ ಜಾರಿಗೆ ಬರಲಿಲ್ಲ.)

ಮುಂದಿನ ಸುಧಾರಣೆಯ ಕರಡು 2025ರ ಜುಲೈಯಲ್ಲಿ ಹೊರಬಿದ್ದಿದೆ. 2028ರಿಂದ ಕೃಷಿಯ ಹಣವನ್ನು ಬೇರೆ ಬಾಬ್ತುಗಳ ಜೊತೆ ಒಂದೇ ನಿಧಿಗೆ ಸೇರಿಸುವುದು, ರೈತರಿಗೆಂದು ಸುಮಾರು 30,000 ಕೋಟಿ ಯೂರೋ ಕಾದಿರಿಸುವುದು, ಒಬ್ಬರಿಗೆ ವರ್ಷಕ್ಕೆ ಒಂದು ಲಕ್ಷ ಯೂರೋ ಮೀರದಂತೆ ಮಿತಿ ಹಾಕುವುದು ಅದರ ಮುಖ್ಯ ಅಂಶಗಳು. ಈಗಿನ ಅವಧಿಯ ಕೃಷಿ ಬಾಬ್ತು 38,700 ಕೋಟಿ. ಟ್ರ್ಯಾಕ್ಟರುಗಳು ಮತ್ತೆ ಬೀದಿಗೆ ಬಂದದ್ದು ಸುಮ್ಮನಲ್ಲ. ಮಿತಿ ಹಾಕುವುದು ನನಗೆ ಸರಿಯೆನಿಸುತ್ತದೆ, ನೆರೆಯವರಿಗೂ ಅದರಿಂದ ನಷ್ಟವಿಲ್ಲ, ಅವರಿಗೆ ಬರುವುದು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಅವರ ಚಿಂತೆ ಬೇರೆ. ಈ ದೇಶದ ರೈತರಲ್ಲಿ ಮೂವರಲ್ಲಿ ಒಬ್ಬರು 65 ದಾಟಿದವರು. ಅವರ ಮಗ ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾನೆ, ವಾಪಸು ಬರುವ ಮಾತಾಡುವುದಿಲ್ಲ.

ಇದನ್ನೆಲ್ಲ ಇಷ್ಟುದ್ದ ಬರೆದದ್ದು ಇಲ್ಲಿಯವರ ಮೇಲೆ ಕನಿಕರ ಹುಟ್ಟಿಸಲು ಅಲ್ಲ. ‘ಉತ್ಪನ್ನಕ್ಕೆ ಬೆಂಬಲ ಕೊಡುವುದು ಬೇಡ, ರೈತನ ಖಾತೆಗೆ ಎಕರೆ ಲೆಕ್ಕದಲ್ಲಿ ನೇರ ಹಣ ಹಾಕಿ, ಮುಂದುವರಿದ ದೇಶಗಳಲ್ಲಿ ಹಾಗೇ ಮಾಡುತ್ತಾರೆ’ ಎಂಬ ವಾದ ನಮ್ಮಲ್ಲೂ ಆಗಾಗ ಕೇಳಿಬರುತ್ತದೆ. ಹಾಲಿನ ಮಟ್ಟಿಗೆ ಈ ವಾದಕ್ಕೆ ನನ್ನ ವಿರೋಧವಿದೆ. ನಮ್ಮ ಸಂಘದಲ್ಲಿ ಹಾಲು ಹಾಕುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಹೆಸರಿನಲ್ಲಿ ಒಂದು ಗುಂಟೆ ಪಹಣಿಯೂ ಇರಲಿಲ್ಲ. ಇದ್ದ ಜಮೀನು ಗಂಡನದೋ ಮಾವನದೋ, ಕೆಲವರಿಗೆ ಅದೂ ಇಲ್ಲ. ಕೆರೆ ಏರಿಯ ಹುಲ್ಲು, ಬದುವಿನ ಹುಲ್ಲು ಕೊಯ್ದು ತಂದು ಒಂದು ಎಚ್‌ಎಫ್ ತಳಿಯ ಹಸು ಸಾಕಿಕೊಂಡು, ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಲೀಟರಿಗೆ ಐದು ರೂಪಾಯಿ ಎಂದಾಗ ಅದು ಅವರ ಖಾತೆಗೇ ಬೀಳುತ್ತದೆ. ಹೆಕ್ಟೇರಿಗೆ ಇಷ್ಟು ಎಂದು ಮಾಡಿದರೆ ಹಸುವಿನ ಬಾಲ ಹಿಡಿದು ಗೊತ್ತಿಲ್ಲದವರ ಖಾತೆಗೆ ಹೋಗುತ್ತದೆ, ಇವರಿಗೆ ಬಿಡಿಗಾಸಿಲ್ಲ.

ಹಾಗಾಗಿ ಆ ಓದುಗರಲ್ಲಿ ನನ್ನ ವಿನಂತಿ: ಐದನ್ನು ಏಳು ಮಾಡಿ ಎಂದು ಕೇಳೋಣ, ನಾನೂ ಸಹಿ ಹಾಕುತ್ತೇನೆ. ಆದರೆ ಯುರೋಪಿನ ಹೆಸರು ಹೇಳಿ ಕೇಳುವುದು ಬೇಡ. ಲೀಟರಿಗೇ ಕೇಳೋಣ, ಹಾಲು ಹಾಕುವವಳ ಹೆಸರಿಗೇ ಕೇಳೋಣ, ತಿಂಗಳುಗಟ್ಟಲೆ ಬಾಕಿ ಇಡದೆ ಆಯಾ ಬಟವಾಡೆಯ ಜೊತೆಗೇ ಕೊಡಿ ಎಂದು ಕೇಳೋಣ.

– ನಿವೃತ್ತ ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ,
ಚನ್ನರಾಯಪಟ್ಟಣ ತಾಲ್ಲೂಕು (ಸದ್ಯ ಕಾರ್ಕ್, ಐರ್ಲೆಂಡ್)